ಬರ್ನಿಯ ಬಾವುಟ

“ಟಿಲ್ಲಿ, ಚೆಂಡು ಸಿಕ್ತಾ ಇಲ್ವಾ? ಇಳಿ ಬೇಗ!” ಎಂದು ಅಪ್ಪ ಕೆಳಗಿನಿಂದ ಕೂಗಿದ.

ಚೆಂಡು ಆಗಲೇ ಸಿಕ್ಕಿತ್ತು. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಟಿಲ್ಲಿ ಗ್ಯಾಲರಿಯ ಕಟ್ಟಕಡೆಯ ಮೆಟ್ಟಿಲ ಮೇಲೆ ತುದಿಗಾಲಲ್ಲಿ ನಿಂತಿದ್ದಳು. ಅವಳ ಮೂಗಿಗೆ ತಾಗುವಷ್ಟು ಹತ್ತಿರದಲ್ಲಿ ಕ್ಲಬ್ಬಿನ ಬಾವುಟಗಳು ತೂಗುತ್ತಿದ್ದವು.

ಅಮೆರಿಕದ ಟೊಲೀಡೊ ಊರಿನಲ್ಲಿ ಸಾಕರ್ ಆಡುವ ಹುಡುಗಿಯರಿಗೆಲ್ಲ ಈ ಗೋಡೆ ಗೊತ್ತು. ಮೂರು ಸಾಲು ಬಾವುಟಗಳು, ಒಂದೊಂದೂ ಒಂದೊಂದು ಕಾಲೇಜಿನದು. ಅವುಗಳ ಮೇಲೆ ದಪ್ಪ ಅಕ್ಷರದಲ್ಲಿ ‘ನಮ್ಮ ಹುಡುಗಿಯರು ಹೋದ ಕಾಲೇಜುಗಳು’ ಎಂದು ಬರೆದಿದೆ. ಪ್ರತಿ ಬಾವುಟದ ಕೆಳಗೂ ಒಬ್ಬ ಹುಡುಗಿಯ ಹೆಸರು ಇದೆ. ಆದರೆ ಆ ಹೆಸರು ಎಷ್ಟು ಸಣ್ಣದೆಂದರೆ, ಕೆಳಗೆ ನಿಂತವರಿಗೆ ಇರುವೆ ಸಾಲಿನ ಹಾಗೆ ಕಾಣುತ್ತದೆ.

ಟಿಲ್ಲಿ ಇವತ್ತು ಮೊದಲ ಸಲ ಆ ಇರುವೆಗಳನ್ನು ಓದಿದಳು. ‘ಬರ್ನಡೆಟ್ ನೊವಿಕಿ.’

ಬರ್ನಿ! ದೊಡ್ಡಪ್ಪನ ಮಗಳು ಬರ್ನಿ! ಟಿಲ್ಲಿ ಕಣ್ಣುಜ್ಜಿಕೊಂಡು ಇನ್ನೊಮ್ಮೆ ಓದಿದಳು. ಹೆಸರು ಅದೇ, ಕಾಲೇಜೂ ಅದೇ.

ಕೆಳಗೆ ಕೋಚ್ ಪೆಲ್ಟನ್ ಅಪ್ಪ ಅಮ್ಮಂದಿರನ್ನೆಲ್ಲ ಸುತ್ತ ನಿಲ್ಲಿಸಿಕೊಂಡು ಮಾತಾಡುತ್ತಿದ್ದರು. ಟಿಲ್ಲಿಯ ಅಪ್ಪ ಕ್ಲಬ್ಬಿಗೆ ಬರುವುದೇ ವರ್ಷಕ್ಕೆ ಒಂದು ಸಲ, ಫೀಸಿನ ಫಾರಂಗೆ ಸಹಿ ಹಾಕುವ ದಿನ. ವಾರವಿಡೀ ಅವನು ಸ್ಕೂಲ್ ಬಸ್ ಓಡಿಸುತ್ತಾನೆ. ಶನಿವಾರ ಟೈರ್ ಗೋದಾಮಿನಲ್ಲಿ ಕೆಲಸ. ಶನಿವಾರದ ಆ ದುಡ್ಡು ಕ್ಲಬ್ಬಿನ ಫೀಸಿಗೆ, ಮತ್ತು ಕ್ಲಬ್ಬಿನ ಆಟಗಳೆಲ್ಲ ನಡೆಯುವುದು ಶನಿವಾರವೇ. ಬೇರೆ ಹುಡುಗಿಯರ ಅಪ್ಪಂದಿರು ಮೈದಾನದ ಗೆರೆಯ ಪಕ್ಕ ನಿಂತು ಗಂಟಲು ಹರಿಯುವ ಹಾಗೆ ಕೂಗುವಾಗ ಟಿಲ್ಲಿಗೆ ಹೊಟ್ಟೆ ಉರಿಯುತ್ತಿತ್ತು. ಅವಳನ್ನು ಆಟಕ್ಕೆ ಕರೆತರುವುದು ಅಮ್ಮ.

ಈ ವರ್ಷ ಟಿಲ್ಲಿ ಕ್ಲಬ್ಬಿನ ಎಲ್ಲಕ್ಕಿಂತ ಮೇಲಿನ ಗೋಲ್ಡ್ ಟೀಮಿಗೆ ಆಯ್ಕೆಯಾಗಿದ್ದಳು. ಅದರ ಫೀಸು ಇನ್ನೂ ಹೆಚ್ಚು. ಅಪ್ಪ ಸಹಿ ಹಾಕಿದರೆ ಅವನ ಭಾನುವಾರವೂ ಗೋದಾಮಿಗೆ ಹೋದ ಹಾಗೆಯೇ.

“ಈ ಎಡಗಾಲು ಇದೆಯಲ್ಲ ಮಿಸ್ಟರ್ ನೊವಿಕಿ, ಇದು ಚಿನ್ನ!” ಎನ್ನುತ್ತಿದ್ದರು ಕೋಚ್ ಪೆಲ್ಟನ್. “ಎಡಗಾಲಲ್ಲಿ ಹೀಗೆ ಒದೆಯೋ ಹುಡುಗೀರನ್ನ ಕಾಲೇಜುಗಳು ಹುಡುಕ್ಕೊಂಡು ಬರ್ತವೆ. ಸ್ಕಾಲರ್‌ಶಿಪ್ ಅಂದ್ರೆ ಓದು, ಊಟ, ರೂಮು, ಎಲ್ಲಾ ಫ್ರೀ. ಅನುಮಾನ ಇದ್ರೆ ಗೋಡೆ ನೋಡಿ.”

ಅಂಗೈಯಲ್ಲಿ ವೈಕುಂಠ ತೋರಿಸುವುದು ಅಂದರೆ ಇದೇ. ಎಲ್ಲರೂ ಕತ್ತೆತ್ತಿ ಗೋಡೆ ನೋಡಿದರು. ಅಪ್ಪನೂ ನೋಡಿದ. ಆಮೇಲೆ ಜೇಬಿನಿಂದ ಪೆನ್ನು ತೆಗೆದ.

“ಅಪ್ಪಾ, ತಡಿ!”

ಟಿಲ್ಲಿ ದಡದಡ ಮೆಟ್ಟಿಲಿಳಿದು ಓಡಿ ಬಂದಳು. “ಮೇಲೆ ಬರ್ನಿ ಹೆಸರಿದೆ! ನಮ್ಮ ಬರ್ನಿದು!”

“ಹೌದಾ?” ಎಂದ ಅಪ್ಪ. ಅವನ ಮುಖ ಅರಳಿತು.

“ಹೌದಾ ಅಂತೀಯಲ್ಲಪ್ಪ! ಬರ್ನಿಗೆ ಸ್ಕಾಲರ್‌ಶಿಪ್ ಸಿಕ್ಕಿದ್ದು ಟ್ಯೂಬಾ ಊದೋದಕ್ಕೆ!”

ಯಾರೋ ಕಿಸಕ್ಕೆಂದರು. ಟ್ಯೂಬಾ ಅಂದರೆ ಆನೆ ಸೊಂಡಿಲಿನಷ್ಟು ದೊಡ್ಡ ಹಿತ್ತಾಳೆ ವಾದ್ಯ. ಬರ್ನಿ ಕಾಲೇಜಿನ ಬ್ಯಾಂಡಿನಲ್ಲಿ ಅದನ್ನು ಮೈಗೆ ಸುತ್ತಿಕೊಂಡು ಊದುತ್ತಾಳೆ. ಕ್ರಿಸ್‌ಮಸ್‌ಗೆ ಬಂದಾಗ ಒಮ್ಮೆ ಊದಿದ್ದಕ್ಕೆ ಪಕ್ಕದ ಮನೆಯ ನಾಯಿ ಮೂರು ದಿನ ಹೊರಗೇ ಬಂದಿರಲಿಲ್ಲ.

ಕೋಚ್ ಪೆಲ್ಟನ್ ಮಾತ್ರ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಯವಾಗಿ ಹೇಳಿದರು. “ಬರ್ನಿ ನಮ್ಮ ಕ್ಲಬ್ಬಲ್ಲಿ ಆಡಿದ್ದು ನಿಜ ತಾನೇ ಪುಟ್ಟಾ? ಕಾಲೇಜಿಗೆ ಹೋಗಿದ್ದೂ ನಿಜ. ನಮ್ಮ ಹುಡುಗಿಯರು ‘ಹೋದ’ ಕಾಲೇಜುಗಳು ಅಂತ ತಾನೇ ಬರೆದಿರೋದು?”

ಟಿಲ್ಲಿಯ ಕಿವಿ ಬಿಸಿಯಾಯಿತು. ಮೊದಲೇ ಮೂಗಿನ ತುದಿಯಲ್ಲಿ ಕೋಪ ಇರುವ ಹುಡುಗಿ ಅವಳು.

“ನಮ್ಮಪ್ಪನ ಬಸ್ಸಲ್ಲಿ ಕೂತ ಎಷ್ಟೋ ಮಕ್ಕಳು ಕಾಲೇಜಿಗೆ ಹೋಗಿದಾರೆ ಕೋಚ್! ಹಾಗಾದ್ರೆ ಅಪ್ಪನೂ ಬಸ್ಸಿಗೆಲ್ಲ ಬಾವುಟ ಕಟ್ಕೊಂಡು ಓಡಿಸ್ಬಹುದಾ?”

ಈಗ ಎಲ್ಲರೂ ಜೋರಾಗಿ ನಕ್ಕರು. ಆಸ್ಪತ್ರೆಯ ಯೂನಿಫಾರ್ಮಿನಲ್ಲೇ ಬಂದಿದ್ದ ಒಬ್ಬ ಅಮ್ಮ ಮಾತ್ರ ನಗಲಿಲ್ಲ. “ಕೋಚ್, ಇಷ್ಟು ಬಾವುಟದಲ್ಲಿ ಆಡೋದಕ್ಕೆ ಅಂತಾನೇ ಹೋದೋರು ಎಷ್ಟು ಜನ?” ಎಂದು ಕೇಳಿದರು.

“ಅದನ್ನ ಆಮೇಲೆ ಆಫೀಸಲ್ಲಿ ಮಾತಾಡೋಣ ಮೇಡಂ” ಎಂದರು ಕೋಚ್.

ಅಪ್ಪ ಫಾರಂ ಮಡಚಿ ಜೇಬಿಗಿಟ್ಟು, ಟಿಲ್ಲಿಯ ಕೈ ಹಿಡಿದು ಹೊರಗೆ ನಡೆದ.

ಕಾರಿನಲ್ಲಿ ಅಪ್ಪ ಸಿಡಿಮಿಡಿ ಎನ್ನುತ್ತಿದ್ದ. “ಅಷ್ಟು ಜನರ ಮುಂದೆ ಹಾಗಾ ಮಾತಾಡೋದು? ನನಗೆ ತಲೆ ಎತ್ತೋಕಾಗ್ಲಿಲ್ಲ.”

“ನಾನು ಸುಳ್ಳು ಹೇಳಿದ್ನಾ?”

“ಸುಳ್ಳಲ್ಲ. ಬರ್ನಿ ಒಬ್ಬಳ ಹೆಸರು ತಪ್ಪಿ ಸೇರಿರಬಹುದು. ಮಿಕ್ಕವರು?”

“ಹಾಗಾದ್ರೆ ಬರ್ನಿನೇ ಕೇಳು!”

ಮನೆಗೆ ಬಂದು ಅಪ್ಪ ಬರ್ನಿಗೆ ಫೋನ್ ಹಚ್ಚಿ, ಊಟದ ಮೇಜಿನ ಮೇಲೆ ಪಿಯರೋಗಿ ತಟ್ಟೆಯ ಪಕ್ಕ ಇಟ್ಟ. ಆಲೂಗಡ್ಡೆ ತುಂಬಿದ ಪಿಯರೋಗಿ ಕಡುಬು ಆರುತ್ತಿತ್ತು. ಯಾರೂ ಮುಟ್ಟಲಿಲ್ಲ.

“ನನ್ನ ಬಾವುಟಾನಾ? ಆ ಗೋಡೆ ಮೇಲಾ?” ಬರ್ನಿ ಬಿದ್ದು ಬಿದ್ದು ನಕ್ಕಳು. “ಚಿಕ್ಕಪ್ಪ, ನಾನು ಹದಿನೈದನೇ ವಯಸ್ಸಿಗೇ ಬೂಟು ಬಿಚ್ಚಿಟ್ಟೋಳು! ಟ್ಯೂಬಾ ಫೋಟೊ ಕಳಿಸ್ಲಾ, ಪಕ್ಕದಲ್ಲಿ ಅಂಟಿಸ್ತಾರಾ ಕೇಳಿ.”

“ನಿನ್ನ ಬ್ಯಾಚಿನ ಮಿಕ್ಕವರು ಏನು ಮಾಡ್ತಿದಾರೆ?” ಅಪ್ಪ ನಗಲಿಲ್ಲ.

ಬರ್ನಿಯೂ ನಗು ನಿಲ್ಲಿಸಿದಳು. “ನಾವು ಹದಿನಾರು ಜನ ಇದ್ವಿ. ಕಾಲೇಜಲ್ಲಿ ಆಡ್ತಿರೋರು ಇಬ್ರೇ, ಹೇಲಿ ಮತ್ತೆ ಡಾರ್ಸಿ. ಡಾರ್ಸಿಗೆ ಒಂದು ಸೆಂಟೂ ಬರಲ್ಲ, ಸುಮ್ನೆ ಇಷ್ಟಕ್ಕೆ ಆಡ್ತಾಳೆ. ಹೇಲಿಗೆ ಪುಸ್ತಕಕ್ಕೆ, ಊಟಕ್ಕೆ ಆಗೋಷ್ಟು ಕೊಡ್ತಾರೆ.”

“ಪೂರ್ತಿ ಫ್ರೀ ಯಾರಿಗೂ ಇಲ್ವಾ?”

“ನಮ್ಮಲ್ಲಿ ಯಾರಿಗೂ ಇಲ್ಲ ಚಿಕ್ಕಪ್ಪ. ಅಂಥೋರು ಇಲ್ವೇ ಇಲ್ಲ ಅನ್ನಲ್ಲ, ನೂರು ಜನಕ್ಕೆ ಒಬ್ಬಳೋ ಇಬ್ಬರೋ ಇರ್ತಾರೇನೋ. ಹೇಲಿ ಬೆಳಗ್ಗೆ ಐದಕ್ಕೆ ಎದ್ದು ಓಡ್ತಿದ್ಳು, ಮಂಜು ಬಿದ್ದ ದಿನಾನೂ. ಅವಳಿಗೇ ಅಷ್ಟು ಸಿಕ್ಕಿದ್ದು.”

ಫೋನ್ ಇಟ್ಟ ಮೇಲೆ ಟಿಲ್ಲಿ ಮೇಜು ಗುದ್ದಿದಳು. “ಸುಳ್ಳುಬುರುಕ್ರು! ನಿನ್ನ ಶನಿವಾರ ಎಲ್ಲಾ ತಿಂದ್ಹಾಕಿದ್ರು!”

“ಅವರು ಸುಳ್ಳು ಹೇಳ್ಲಿಲ್ಲ ಮರಿ” ಎಂದ ಅಪ್ಪ ಮೆಲ್ಲಗೆ. “‘ಹೋದ’ ಅಂತ ಬರೆದ್ರು. ‘ಆಡೋಕೆ ಹೋದ’ ಅಂತ ನಾನೇ ಓದ್ಕೊಂಡೆ.”

“ನೀನು ಹಾಗೆ ಓದ್ಕೊಳ್ಲಿ ಅಂತಾನೇ ಅವರು ಹಾಗೆ ಬರೆದಿದ್ದು!”

ಅಪ್ಪ ಫಾರಂ ತೆಗೆದು ಮೇಜಿನ ಮೇಲೆ ಬಿಡಿಸಿ, ಅದರ ಮಡಿಕೆಯನ್ನು ಬೆರಳಿನಿಂದ ಉಜ್ಜುತ್ತಾ ಕೂತ.

“ಮೂರನೇ ಸಾಲಿನ ಕೊನೇಲಿ, ಬಾಗಿಲ ಪಕ್ಕ ಒಂದು ಜಾಗ ಖಾಲಿ ಇದೆ. ಪ್ರತಿ ಸಲ ಸಹಿ ಹಾಕೋವಾಗ ಅದನ್ನೇ ನೋಡ್ತಿದ್ದೆ. ಅದು ನಿಂದು ಅನ್ಕೊಂಡಿದ್ದೆ” ಎಂದ.

ಟಿಲ್ಲಿಗೆ ಬೈಯಲು ಇನ್ನೂ ತುಂಬ ಮಾತಿತ್ತು. ಅವಳು ಗುದ್ದಿದ ಮುಷ್ಟಿ ಬಿಚ್ಚಿ ಅಪ್ಪನ ಪಕ್ಕ ಕೂತಳು. ಇಷ್ಟು ದಿನ ಅಪ್ಪನಿಗೆ ತನ್ನ ಆಟ ಬೇಡ, ಅದಕ್ಕೇ ಬರುವುದಿಲ್ಲ ಎಂದು ಅವಳು ಒಳಗೊಳಗೇ ಮುನಿಸಿಕೊಂಡಿದ್ದಳು.

“ಗೋಲ್ಡ್ ಟೀಮಿನ ಜರ್ಸಿ ನಂಗೆ ಇಷ್ಟಾನೇ ಅಪ್ಪ. ಏಳನೇ ನಂಬರ್ ಕೇಳೋಣ ಅನ್ಕೊಂಡಿದ್ದೆ” ಎಂದಳು. ಫಾರಂ ಮತ್ತೆ ಮಡಚುತ್ತಾ, “ಆದ್ರೆ ಭಾನುವಾರ ನೀನು ಮನೇಲಿರ್ಬೇಕು. ಶನಿವಾರಾನೂ” ಎಂದಳು.

ಫಾರಂ ಸಹಿ ಇಲ್ಲದೆ ಕ್ಲಬ್ಬಿಗೆ ವಾಪಸ್ಸಾಯಿತು. ಕೋಚ್ ಪೆಲ್ಟನ್ ಎರಡು ಸಲ ಫೋನ್ ಮಾಡಿದರು. ಮೂರನೇ ಸಲ ಮಾಡಲಿಲ್ಲ. ಏಳನೇ ನಂಬರಿನ ಜರ್ಸಿ ಬೇರೆ ಹುಡುಗಿಗೆ ಹೋಯಿತೆಂದು ಕೇಳಿ ಟಿಲ್ಲಿ ಒಂದು ಸಂಜೆ ಅತ್ತಳು. ಅತ್ತಿದ್ದು ಸುಳ್ಳಲ್ಲ.

ಎರಡು ವಾರದ ನಂತರ ಒಂದು ಶನಿವಾರ. ಪಾರ್ಕಿನ ಟೀಮಿನ ಆಟ. ಇಲ್ಲಿ ಕೇಳಿದವರಿಗೆಲ್ಲ ಜಾಗ ಇದೆ, ಎಲ್ಲರಿಗೂ ಒಂದೇ ಕಿತ್ತಳೆ ಬಣ್ಣದ ಟೀ ಶರ್ಟು. ಒಂದು ಗೋಲಿನ ಬಲೆಯಲ್ಲಿ ತೂತಿದೆ. ಟಿಲ್ಲಿಯ ಹಳೆಯ ಗೆಳತಿ ಇಮಾನ್ ಅವಳನ್ನು ಕಂಡದ್ದೇ, “ಬಂದ್ರಾ ಮಹಾರಾಣಿ, ದಾರಿ ತಪ್ಪಿ?” ಎಂದು ಕೆಣಕಿದಳು. ಆಮೇಲೆ ಓಡಿ ಬಂದು ತಬ್ಬಿಕೊಂಡಳು.

ಅಪ್ಪ ಗೆರೆಯ ಪಕ್ಕ ಮಡಚುವ ಕುರ್ಚಿ ಹಾಕಿಕೊಂಡಿದ್ದ. ಆದರೆ ಒಂದು ನಿಮಿಷವೂ ಕೂರಲಿಲ್ಲ. ಅವನಿಗೆ ಆಟದ ನಿಯಮ ಏನೂ ಗೊತ್ತಿರಲಿಲ್ಲ. ರೆಫ್ರಿ ಆಫ್‌ಸೈಡ್ ಕೊಟ್ಟರೂ ಚಪ್ಪಾಳೆ, ಚೆಂಡು ಹೊರಗೆ ಹೋದರೂ ಚಪ್ಪಾಳೆ.

“ನಿಮ್ಮಪ್ಪ ಯಾವ ಟೀಮಿನ ಕಡೆ?” ಎಂದು ಇಮಾನ್ ಕೇಳಿದಳು.

“ಎರಡೂ ಕಡೆ” ಎಂದಳು ಟಿಲ್ಲಿ. ಅವಳಿಗೆ ನಾಚಿಕೆಯೇ ಆಗಲಿಲ್ಲ.

ಆಟ ಮುಗಿಯುವ ಹೊತ್ತಿಗೆ ಇಮಾನ್ ದೂರದಿಂದ ಚೆಂಡು ಕೊಟ್ಟಳು. ಟಿಲ್ಲಿ ಅದನ್ನು ನಿಲ್ಲಿಸಲೂ ಇಲ್ಲ. ಓಡುತ್ತಲೇ ಎಡಗಾಲಿನಲ್ಲಿ ಬೀಸಿ ಒದ್ದಳು. ಚೆಂಡು ಬಿಲ್ಲಿನ ಹಾಗೆ ಬಾಗಿ ಹೋಗಿ ಗೋಲಿನ ಕಂಬಕ್ಕೆ ಠಣ್ ಎಂದು ಬಡಿದು ಹೊರಗೆ ಹಾರಿತು.

ಗೋಲ್ ಆಗಲಿಲ್ಲ. ಎಲ್ಲರೂ “ಅಯ್ಯೋ!” ಎಂದರು.

ಅಪ್ಪನಿಂದ ಈ ಸಲ ಚಪ್ಪಾಳೆ ಬರಲಿಲ್ಲ. ಟಿಲ್ಲಿ ತಿರುಗಿ ನೋಡಿದಳು. ಅವನು ಎರಡೂ ಕೈಗಳನ್ನು ತಲೆಯ ಮೇಲೆ ಇಟ್ಟುಕೊಂಡು ಹಾಗೇ ನಿಂತುಬಿಟ್ಟಿದ್ದ.

ಆಟ ಮುಗಿದ ಮೇಲೆ ಮಕ್ಕಳೆಲ್ಲ ಕಿತ್ತಳೆ ಹಣ್ಣಿನ ಹೋಳು ಚೀಪುತ್ತಾ ಹುಲ್ಲಿನ ಮೇಲೆ ಕೂತಾಗ ಅಪ್ಪ ಅವಳ ಹತ್ತಿರ ಬಂದ. ಅವನ ದನಿ ಸಣ್ಣದಾಗಿತ್ತು.

“ಟಿಲ್ಲಿ, ನೀನು ಎಡಗಾಲಲ್ಲಿ ಒದೆಯೋದನ್ನ ಯಾವಾಗ ಕಲ್ತೆ?”

ಎರಡು ವರ್ಷ ಆಯ್ತಪ್ಪ, ಎಂಬ ಮಾತು ನಾಲಿಗೆಯ ತುದಿಗೆ ಬಂತು. ಟಿಲ್ಲಿ ಅಪ್ಪನ ಮುಖ ನೋಡಿದಳು. ಕೋಚ್ ಪೆಲ್ಟನ್ ಅಷ್ಟು ಸಲ ಹೊಗಳಿದ ಎಡಗಾಲು. ಅಪ್ಪ ತಲೆಯಾಡಿಸಿ ಸಹಿ ಹಾಕಿದ ಎಡಗಾಲು. ಅವನು ಅದನ್ನು ಕಂಡದ್ದು ಇವತ್ತೇ.

ಅವಳು ಕಿತ್ತಳೆ ಸಿಪ್ಪೆಯನ್ನು ಕೆಳಗಿಟ್ಟು, ಕೈ ಒರೆಸಿಕೊಂಡು ಎದ್ದಳು. ಚೆಂಡನ್ನು ಹುಲ್ಲಿನ ಮೇಲೆ ಇಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದಳು.

“ಇನ್ನೊಂದ್ಸಲ ಒದೀತೀನಿ” ಎಂದಳು. “ನೋಡು.”