ಯುರ್ಸಾಳ ಬಕೆಟ್‌ಗೆ ಗೋಂದು ಹಚ್ಚಿದವರು

“ಗೋಂದು! ಈ ಬಕೆಟ್ಟಲ್ಲಿ ಗೋಂದಿದೆ!”

ವಿಲ್ಲಾಸನ ಕೂಗು ಕೇಳಿದಾಗ ಆಸ್ಗರ್ ಬಾರ್ಲಿ ಗಂಜಿಯ ಎರಡನೆಯ ಗುಟುಕನ್ನೂ ನುಂಗಿರಲಿಲ್ಲ. ದಡಬಡಿಸಿ ಎದ್ದವನು ಡೇರೆಯ ಹಗ್ಗಕ್ಕೆ ಎಡವಿದ. ಐದು ದಿನದಲ್ಲಿ ಇದು ಹನ್ನೊಂದನೆಯ ಸಲ. ಡೆನ್ಮಾರ್ಕಿನ ಜಟ್ಲಂಡಿನ ಕಡಲಂಚಿನ ಈ ವೈಕಿಂಗ್ ಸಂತೆಯಲ್ಲಿ ಸಾವಿರ ವರ್ಷದ ಹಿಂದಿನವರಂತೆ ಉಟ್ಟು, ಉಂಡು ಒಂದು ವಾರ ಕಳೆಯಬೇಕು. ಆ ಕಾಲದಲ್ಲಿ ಇಲ್ಲದ ವಸ್ತು ಯಾರ ಹತ್ತಿರವೂ ಇರಕೂಡದು. ತಪಾಸಣೆಯ ಮುಖ್ಯಸ್ಥ ಹಾಲ್ಫ್ದಾನ್ ಮೊದಲ ದಿನವೇ ಆಸ್ಗರನ ಕನ್ನಡಕ ಕಿತ್ತುಕೊಂಡು ಪೆಟ್ಟಿಗೆಗೆ ಬೀಗ ಜಡಿದಿದ್ದ.

ಹಾಲ್ಫ್ದಾನನ ಡೇರೆಯ ಮುಂದೆ ಆಗಲೇ ಜನ ಸೇರಿದ್ದರು. ಮೇಜಿನ ಮೇಲೆ ಎರಡು ಮರದ ಬಕೆಟ್ಟುಗಳು. ಹೊಸದಾಗಿ ಕಟ್ಟಿದ ವೈಕಿಂಗ್ ಮನೆಗೆ ನಲವತ್ತು ಬಕೆಟ್ ಬೇಕೆಂದು ವಸ್ತುಸಂಗ್ರಹಾಲಯದವರು ಕೇಳಿದ್ದರು. ಮಧ್ಯಾಹ್ನ ಎರಡಕ್ಕೆ ಬಂದು, ಸಂತೆಯಲ್ಲಿ ಬಕೆಟ್ ಕಟ್ಟುವ ಯುರ್ಸಾ ಅಥವಾ ವಿಲ್ಲಾಸ್, ಇಬ್ಬರಲ್ಲಿ ಒಬ್ಬರನ್ನು ಆರಿಸುವವರಿದ್ದರು. ಹಿಂದಿನ ದಿನ ಬೆಳಿಗ್ಗೆ ಇಬ್ಬರೂ ತಮ್ಮ ಬಕೆಟ್ಟುಗಳನ್ನು ನೀರು ತುಂಬಿಯೇ ಹಾಲ್ಫ್ದಾನನಿಗೆ ಒಪ್ಪಿಸಿದ್ದರು.

“ನಿಯಮ ಅಂದ್ರೆ ನಿಯಮ,” ಎಂದ ಹಾಲ್ಫ್ದಾನ್, ಬಟ್ಟೆ ಸುತ್ತಿದ ಹೆಬ್ಬೆರಳನ್ನು ಎತ್ತಿ ತೋರಿಸುತ್ತ. “ಯುರ್ಸಾ, ಮಧ್ಯಾಹ್ನದೊಳಗೆ ಡೇರೆ ಬಿಚ್ಚಿ ಹೊರಡಿ.”

“ಮೂವತ್ತು ವರ್ಷದಿಂದ ಬಕೆಟ್ ಕಟ್ತಿದ್ದೀನಿ, ನನಗೆ ಗೋಂದು ಬೇಕಾ?” ಎಂದು ಯುರ್ಸಾ ರೇಗಿದಳು. ಅವಳು ವಿಲ್ಲಾಸನ ಕಡೆ ತಿರುಗಿದಳು. “ನೀನೇ ಹಚ್ಚಿ, ನೀನೇ ಕೂಗ್ತಿದ್ದೀಯ! ಕಳ್ಳ!”

ಆಸ್ಗರ್ ನಾದಿನಿಯನ್ನು ಕರೆತರಲು ಓಡಿದ. ಗುದ್ರುನ್ ಮೂವತ್ತು ವರ್ಷ ಬಂದರಿನ ಸುಂಕದ ಕಟ್ಟೆಯಲ್ಲಿ ಕಳ್ಳಮಾಲು ಹಿಡಿದವಳು. ಸಂತೆಯಲ್ಲಿ ಏನು ಕಳೆದರೂ ಜನ ಅವಳ ಹತ್ತಿರವೇ ಬರುತ್ತಿದ್ದರು.

“ಗಂಜಿ ಆಯ್ತಾ ಭಾವ?”

“ಎಲ್ಲಿ ಆಗತ್ತೆ! ಇಲ್ಲಿ ದಿನಕ್ಕೊಂದು ರಾಮಾಯಣ. ಬೇಗ ಬಾ.”

ಗುದ್ರುನ್ ಎರಡೂ ಬಕೆಟ್ಟುಗಳನ್ನು ನಿಧಾನವಾಗಿ ನೋಡಿದಳು. ವಿಲ್ಲಾಸನದರಲ್ಲಿ ನೀರು ತುಂಬಿಯೇ ಇತ್ತು. ಯುರ್ಸಾಳದು ಬರಿದು. ಅದರ ಮರದ ಪಟ್ಟಿ ಪಟ್ಟಿಯ ನಡುವೆಯೂ ಈ ಕಾಲದ ಅಂಗಡಿಯ ಗೋಂದು. ಎರಡು ಪಟ್ಟಿಗಳು ಅದಲುಬದಲಾಗಿದ್ದವು.

“ಭಾವ, ನಿಮಗೇನು ಕಾಣ್ತಿದೆ?”

“ಕನ್ನಡಕ ಇಲ್ದೆ ಏನು ಕಾಣತ್ತೆ, ನನ್ನ ತಲೆ!” ಎಂದು ಸಿಡುಕಿದ ಆಸ್ಗರ್ ಬಕೆಟ್ಟನ್ನು ಮೂಗಿನ ಹತ್ತಿರ ತಂದುಕೊಂಡ. ಥಟ್ಟನೆ ಮುಖ ಹಿಂದೆಳೆದ. “ಇದರ ತಳ ಡಾಂಬರು ನಾರ್ತಿದೆ.”

ಗುದ್ರುನ್ ತಳ ತಿರುಗಿಸಿದಳು. ಅಂಚಿನ ಸುತ್ತ ಕಪ್ಪು ಗೆರೆ. ಅವಳು ಆ ಗೆರೆಯನ್ನೂ, ನೆರೆದವರ ಕಾಲುಗಳನ್ನೂ ನೋಡಿ, “ಎಲ್ಲರೂ ಇಲ್ಲೇ ಕೂತ್ಕೊಳ್ಳಿ,” ಎಂದಳು.

“ಇಷ್ಟೊತ್ತು ನಿಂತಿದ್ದೇ ಸಾಲದಾ?” ಎಂದು ಹಾಲ್ಫ್ದಾನ್ ಗೊಣಗಿದ.

“ಕೂತ್ಕೊಳ್ಳಿ ಸ್ವಾಮಿ. ಮೊದಲು ವಿಲ್ಲಾಸನ ವಿಷಯ. ಯುರ್ಸಾಳ ಹೆಸರು ಕೆಡಿಸೋದೇ ಅವನ ಉದ್ದೇಶ ಆಗಿದ್ರೆ, ಕಾಣೋ ಕಡೆ ಒಂದು ತೊಟ್ಟು ಹಚ್ಚಿದ್ರೆ ಸಾಕಿತ್ತು. ಇಲ್ಲಿ ಸಂದು ಸಂದಿಗೂ ಹಚ್ಚಿದ್ದಾರೆ. ಅಂದ್ರೆ ಬಕೆಟ್ ಪೂರ್ತಿ ಬಿಚ್ಚಿಹೋಗಿತ್ತು, ಯಾರೋ ಪಾಪ ಅದನ್ನ ನಿಲ್ಲಿಸೋಕೆ ಒದ್ದಾಡಿದ್ದಾರೆ. ಯಾಕೆ ಬಿಚ್ಚಿತು, ವಿಲ್ಲಾಸ್?”

“ಒಣಗಿದ್ರೆ ಬಿಚ್ಚತ್ತೆ,” ಎಂದ ವಿಲ್ಲಾಸ್. “ನೀರಿದ್ರೆ ಮರ ಉಬ್ಬಿ ಬಿಗಿಯಾಗತ್ತೆ. ನೀರು ಚೆಲ್ಲಿ ನಿನ್ನೆಯಂಥ ಬಿಸಿಗಾಳೀಲಿ ಇಟ್ರೆ ಪಟ್ಟಿಗಳ ಸುತ್ತ ಬಿಗಿದ ಬಳೆ ಸಡಿಲಾಗಿ ಉದುರತ್ತೆ.”

“ಉದುರಿದ್ರೆ ನೀನೇನ್ಮಾಡ್ತೀಯ?”

“ಪಟ್ಟಿ ಸರಿಯಾಗಿ ಜೋಡಿಸಿ, ಬಳೆ ಬಡಿದು, ನೀರು ಹುಯ್ಯೋದು. ಇನ್ನೇನು?”

“ನೋಡಿ. ಬಕೆಟ್ ಕಟ್ಟೋರಿಗೆ ಗೋಂದಿನ ಹಂಗಿಲ್ಲ. ಹಚ್ಚಿದೋನಿಗೆ ಈ ಕೆಲಸವೇ ಗೊತ್ತಿಲ್ಲ. ಇನ್ನು ಡಾಂಬರು. ನಿನ್ನೆ ಡಾಂಬರು ಬಳಿದಿದ್ದು ದಡದಲ್ಲಿರೋ ವೈಕಿಂಗ್ ಹಡಗಿನ ಮೇಲ್ಹಲಗೆಗೆ ಮಾತ್ರ. ಅಲ್ಲಿಗೆ ಯಾರೂ ಹೋಗಕೂಡದು ಅಂತ ಹಗ್ಗ ಕಟ್ಟಿತ್ತು. ಒಳಗೆ ಹೋಗ್ತಿದ್ದೋರು ಒಬ್ಬರೇ, ಅವರ ಪಾದರಕ್ಷೆಯ ಅಡಿ ಇನ್ನೂ ಕಪ್ಪಗಿದೆ.”

ಎಲ್ಲರ ಕಣ್ಣೂ ಹಾಲ್ಫ್ದಾನನ ಕಾಲಿನತ್ತ ಹೊರಳಿದವು. ಅವನು ಪಾದಗಳನ್ನು ಬೆಂಚಿನಡಿಗೆ ಎಳೆದುಕೊಂಡ.

“ಆ ಹೆಬ್ಬೆರಳಿನ ಬಟ್ಟೆ ಬಿಚ್ಚಿ,” ಎಂದಳು ಗುದ್ರುನ್.

“ಜೇನು ಕಚ್ಚಿದೆ ಅಂದೆನಲ್ಲ!”

“ನೀವು ಯಾರಿಗೂ ಹಾಗಂದಿಲ್ಲ. ಬಿಚ್ಚಿ.”

ಬೆರಳ ತುದಿಯ ಚರ್ಮ ಕಿತ್ತುಬಂದಿತ್ತು. ಸುತ್ತ ಗೋಂದಿನ ಗಟ್ಟಿ ಪೊರೆ. ಹಾಲ್ಫ್ದಾನ್ ತಲೆ ತಗ್ಗಿಸಿದ.

“ಹಡಗಿನ ಮೇಲೆ ಅದನ್ನ ಹಿಡ್ಕೊಂಡು ಒಂದು ಫೋಟೋ ತೆಗೆಸಿಕೊಳ್ಳೋಣ ಅಂತ… ಭಾರ ಇತ್ತು, ನೀರು ಚೆಲ್ದೆ. ಆಮೇಲೆ ಬಕೆಟ್ಟನ್ನ ಅಲ್ಲೇ ಮರೆತೇಬಿಟ್ಟೆ. ಸಂಜೆ ನೋಡಿದ್ರೆ ಸೌದೆ ರಾಶಿ ಥರ ಬಿದ್ದಿತ್ತು. ಪಾದರಕ್ಷೆ ಅಂಟಿಸೋ ಗೋಂದಿತ್ತು ನನ್ನ ಹತ್ತಿರ…”

“ನಿಮ್ಮ ಹತ್ತಿರ! ಗೋಂದು!” ಆಸ್ಗರ್ ಚೀರಿದ. “ನನ್ನ ಕನ್ನಡಕ ಕಿತ್ಕೊಂಡ ನಿಮ್ಮ ಹತ್ತಿರ! ಬಕೆಟ್ ಬಗ್ಗೆ ತೊಂಬತ್ತು ಪುಟ ನಿಯಮ ಬರೆದಿದ್ದೀರಲ್ರೀ!”

“ಬರೆದಿದ್ದೀನಿ. ಕಟ್ಟಿಲ್ಲ,” ಎಂದ ಹಾಲ್ಫ್ದಾನ್, ಕೇಳಿಸೀ ಕೇಳಿಸದಷ್ಟು ಮೆಲ್ಲಗೆ.

“ತಪ್ಪು ಒಪ್ಪಿಕೊಂಡಿದ್ರೆ ಒಂದು ಬಕೆಟ್ಟಿನ ಮಾತಲ್ಲಿ ಮುಗೀತಿತ್ತು. ನೀವು ಇವಳ ಮೂವತ್ತು ವರ್ಷದ ಹೆಸರನ್ನೇ ಬಲಿ ಕೊಡೋಕೆ ಹೊರಟ್ರಿ,” ಎಂದಳು ಗುದ್ರುನ್. ಅವಳ ದನಿಯಲ್ಲಿ ಈಗ ತಮಾಷೆಯಿರಲಿಲ್ಲ.

ಯುರ್ಸಾ ಆಗಲೇ ಬಳೆಗಳನ್ನು ಕಳಚಿ, ಚಾಕುವಿನಿಂದ ಗೋಂದು ಕೆರೆಯುತ್ತಿದ್ದಳು. ಪಟ್ಟಿಗಳನ್ನು ನಿಲ್ಲಿಸಲು ಇನ್ನೊಂದು ಜೊತೆ ಕೈ ಬೇಕಿತ್ತು. ವಿಲ್ಲಾಸ್ ಬಂದು ಬಳೆ ಹಿಡಿದ. ನೀರು ಹೊರುವ ಕೆಲಸ ಹಾಲ್ಫ್ದಾನನ ಪಾಲಿಗೆ ಬಂತು. ಹುಯ್ದಷ್ಟೂ ಸೋರುತ್ತಿತ್ತು, ಅವನು ಮತ್ತೆ ಮತ್ತೆ ತೊರೆಗೆ ನಡೆದ.

ಎರಡು ಗಂಟೆಗೆ ವಸ್ತುಸಂಗ್ರಹಾಲಯದ ಹೆಂಗಸು ಬಂದು ಯುರ್ಸಾಳ ಬಕೆಟ್ಟನ್ನು ಬಗ್ಗಿ ನೋಡಿದಳು. ತಳದಲ್ಲಿ ಒಂದು ಹನಿ ತೂಗುತ್ತಿತ್ತು. ಅದು ಬೀಳಲಿಲ್ಲ.

“ನಲವತ್ತೂ ನೀವೇ ಕಟ್ಟಿಕೊಡಿ,” ಎಂದಳು ಅವಳು ಯುರ್ಸಾಳಿಗೆ.

ಯುರ್ಸಾ ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ವಿಲ್ಲಾಸನ ಕಡೆ ನೋಡಿದಳು. “ನಿನ್ನ ಕಳ್ಳ ಅಂದುಬಿಟ್ಟೆ. ಎಲ್ಲರೆದುರೇ ಅಂದೆ, ಎಲ್ಲರೆದುರೇ ಕ್ಷಮೆ ಕೇಳ್ತಿದ್ದೀನಿ, ತಪ್ಪಾಯ್ತು. ಇಪ್ಪತ್ತು ನೀನು ಕಟ್ಟು.”

“ಹತ್ತೊಂಬತ್ತು ಕಟ್ತೀನಿ,” ಎಂದ ವಿಲ್ಲಾಸ್. “ಒಂದನ್ನ ಹಾಲ್ಫ್ದಾನ್ ಕೈಲಿ ಕಟ್ಟಿಸೋಣ.”