ಎರಡನೇ ತಟ್ಟೆ

"ನಮ್ಮ ಪುಸ್ತಕಾನ ಪ್ರಶಸ್ತಿಗೆ ಕಳಿಸಬೇಡಿ ಅಂದೋರು ನೀವೇನಾ?"

ರೆಕಾರ್ಡಿಂಗ್ ಸ್ಟುಡಿಯೋ ಬಾಗಿಲಲ್ಲೇ ಅವನನ್ನು ಅಡ್ಡಗಟ್ಟಿ ಅವಳು ಕೇಳಿದಳು. ಅವನ ಮುಖ ನೋಡಿದ್ದು ಇದೇ ಮೊದಲು!

ಆ ಆಡಿಯೋ ಪುಸ್ತಕದಲ್ಲಿ ನಾಯಕಿಯ ಮಾತು ಓದಿದ್ದು ಅವಳು, ನಾಯಕನದು ಅವನು. ಆದರೆ ಬೇರೆ ಬೇರೆ ದಿನ, ಕಿಟಕಿಯಿಲ್ಲದ ಅದೇ ಕೋಣೆಯಲ್ಲಿ, ಅದೇ ಒಂಟಿ ಕುರ್ಚಿಯ ಮೇಲೆ. 'ನಿನ್ನ ಬಿಟ್ಟು ಎಲ್ಲಿಗೂ ಹೋಗಲ್ಲ' ಎಂದು ಅವಳು ಗೋಡೆಗೆ ಹೇಳಿದ್ದಳು. ಅವನ ಉತ್ತರವನ್ನು ರೆಕಾರ್ಡಿಂಗ್ ಮಾಡುವ ಸೌಂಡ್ ಅಣ್ಣ ಆಮೇಲೆ ತಂದು ಅಂಟಿಸಿದ್ದ. ಥೂ, ಇದೂ ಒಂದು ಪ್ರೀತಿಯೇ!

ಆದರೂ ಬಟ್ಟೆ ಮಡಚುವಾಗ ಅವಳು ಕೇಳುತ್ತಿದ್ದದ್ದು ಆ ಅಂಟಿಸಿದ ಉತ್ತರವನ್ನೇ. ಸಾವಿರಾರು ಜನರಿಗೆ ಕಥೆ ಹೇಳುವವಳನ್ನು 'ಊಟ ಆಯ್ತಾ' ಎಂದು ಕೇಳಲು ಮನೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

"ಹೌದು... ನಾನೇ."

ಅದೇ ದನಿ! ಸಿಟ್ಟು ಮಾತ್ರ ಇಳಿಯಲಿಲ್ಲ.

"ನನ್ನ ಹೆಸರಿನ ಪಕ್ಕ ನಿಮ್ಮ ಹೆಸರಿರೋಕೆ ಅಷ್ಟು ನಾಚಿಕೆನಾ? ಇಬ್ಬರೂ ಸಹಿ ಹಾಕಿದ್ರೆ ತಾನೇ ನಾಮಿನೇಷನ್ ಹೋಗೋದು? ಇವತ್ತೇ ಕೊನೇ ದಿನ!"

ಒಳಗಿನಿಂದ ಸೌಂಡ್ ಅಣ್ಣ ಕೂಗಿದ: "ಬಾಗಿಲು ಹಾಕ್ಕೊಂಡು ಜಗಳ ಆಡ್ರಪ್ಪಾ, ಮೈಕ್ ಆನ್ ಇದೆ!"

ಅವನು ದನಿ ತಗ್ಗಿಸಿದ. "ದನಿ ಕೊಡೋರು ಒಬ್ಬೊಬ್ಬರು ವರ್ಷಕ್ಕೆ ಒಂದೇ ಪುಸ್ತಕ ಕಳಿಸಬಹುದಂತೆ. ನಮ್ಮಿಬ್ಬರದು ಹೋದ್ರೆ, ನೀವೊಬ್ಬರೇ ಓದಿದ ಆ ಮುದುಕಿ ಕಥೆ ಹೋಗಲ್ಲ. ದಿನಾ ಎರಡು ತಟ್ಟೆ ಇಟ್ಟು ಒಂದರಲ್ಲೇ ಉಣ್ತಾಳಲ್ಲ... ಅದು."

"ಅದನ್ನ ಯಾರು ಕೇಳಿದ್ದಾರೆ?"

"ನಾನು ಕೇಳಿದೀನಿ. ಎರಡನೇ ತಟ್ಟೆ ಇಡೋವಾಗ ಒಂಚೂರು ನಿಲ್ಲಿಸ್ತೀರಲ್ಲ... ಅಲ್ಲಿ ನಾನು ಬಸ್ಸಿಂದ ಇಳಿಯೋದನ್ನೇ ಮರೆತೆ ರೀ."

ಅವಳು ಅಂಗೈಯಿಂದ ಕಣ್ಣೊರೆಸಿಕೊಂಡಳು. ಆ ಮೌನವನ್ನು ಪುಸ್ತಕದಲ್ಲಿ ಯಾರೂ ಬರೆದಿರಲಿಲ್ಲ. ಅದು ಅವಳ ಅಡುಗೆಮನೆಯದು! ಐದು ನಿಮಿಷದ ತುಣುಕು ಕೇಳಿ ಅಂಕ ಹಾಕುವ ಪ್ರಶಸ್ತಿಯ ದೊಡ್ಡ ಮನುಷ್ಯರಿಗೆ ಇದೇನು ತಿಳಿಯುತ್ತದೆ, ಮಣ್ಣು!

"ಇದನ್ನ ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ?"

"ಯಾರಾದ್ರೂ ಬರೆದುಕೊಟ್ಟಿದ್ರೆ ಹೇಳ್ತಿದ್ದೆ. ಸ್ವಂತ ಮಾತು ನನಗೆ ಬರಲ್ಲ."

ಅಳುತ್ತಿದ್ದವಳಿಗೆ ನಗು ಬಂತು. ಒಳಗೆ ಹೋಗಿ ಮುದುಕಿಯ ಕಥೆಯ ನಾಮಿನೇಷನ್‌ಗೆ ಸಹಿ ಹಾಕಿ ಬಂದಳು. ಅವನು ಹೋಗಿರಲಿಲ್ಲ.

"ಪ್ರಶಸ್ತಿ ಬರದಿದ್ರೆ?"

"ಬರದಿದ್ರೆ ಹಾಳಾಗೋಗ್ಲಿ. ಕೇಳೋನು ಒಬ್ಬ ಇದೀನಲ್ಲ."

ಪುಸ್ತಕದಲ್ಲಿ ಅಷ್ಟೊಂದು ಪ್ರೀತಿ ಸುರಿದ ಅವನ ಬಾಯಿ ಈಗ ಒಂದು ಮಾತಿಗೆ ತಡವರಿಸಿತು.

"ಅದು... ನಿಮ್ಮ ಊಟ... ಆಯ್ತಾ?"

ಅವಳು ಉತ್ತರಿಸುವ ಮೊದಲು ಒಂಚೂರು ನಿಲ್ಲಿಸಿದಳು. ಅದೇ ಮೌನ.

"ಇಲ್ಲ," ಎಂದಳು. "ಬನ್ನಿ... ಎರಡು ತಟ್ಟೆ ಇಡ್ತೀನಿ."