ಅಮ್ಮನ ಫೋನ್ ಸೇರಲು ಕೇಳುತ್ತಿದೆ

ಟಿವಿ ಮೆಕ್ಯಾನಿಕ್‌ನ ಮನೆಯಲ್ಲಿ ಹೆಂಡತಿ ಇರಲಿಲ್ಲ. ರಸ್ತೆ ದಾಟುವಾಗ ಲಾರಿ ಬಡಿದು ಸತ್ತಿದ್ದಳು. ಕೈಯಲ್ಲಿದ್ದ ಫೋನೂ ಅವಳೊಟ್ಟಿಗೇ ಪುಡಿಯಾಗಿತ್ತು. ಉಳಿದದ್ದು ಗುಬ್ಬಿ ಎಂದು ಕರೆಯುವ ಆರು ವರ್ಷದ ಮಗಳು, ಗೋಡೆಯ ಮೇಲೆ ಎರಡು ಫೋಟೊ, ಮತ್ತು ಮಗಳ ಟ್ಯಾಬ್‌ನಲ್ಲಿ ಅಮ್ಮನ ಒಂದಷ್ಟು ವಿಡಿಯೊ.

ಒಂದು ದೊಡ್ಡ ಸ್ಮಾರ್ಟ್ ಟಿವಿಯನ್ನು ಗಂಡ ಸತ್ತ ಒಬ್ಬ ಹೆಂಗಸು ಅವನಿಗೆ ಸುಮ್ಮನೆ ಕೊಟ್ಟಿದ್ದಳು. ಬಿಡಿಭಾಗಕ್ಕೆ ಬಿಚ್ಚಿಕೊಳ್ಳಬೇಕು, ಯಾರ ಮನೆಗೂ ಹಾಕಬಾರದು ಎಂಬುದು ಷರತ್ತು.

"ಪಿಕ್ಚರ್ ಚೆನ್ನಾಗೇ ಇದೆಯಲ್ಲಮ್ಮ. ಏನು ಇದಕ್ಕೆ ರೋಗ?"

"ನಮ್ಮ ಓರಗಿತ್ತಿ ಮಾಟ ಮಾಡಿಸಿದಾಳೆ. ಸತ್ತೋರು ಟಿವಿಗೆ ಸೇರ್ಕೋತೀವಿ ಅಂತ ಕೇಳ್ತಾರಪ್ಪ. ನಮ್ಮೆಜಮಾನ್ರೂ ಕೇಳಿದ್ರು. ದಿನಾ ಬೇಡ ಅಂತ ಒತ್ತಿ ಒತ್ತಿ ನನ್ನ ಎದೆ ಒಡೆದುಹೋಯ್ತು."

ಅವನು ಹಿಂಬದಿ ಬಿಚ್ಚಿದ. ಬೋರ್ಡಿನ ಸಂದಿಯಲ್ಲಿ ಕೂದಲು ಸುತ್ತಿದ ತಾಮ್ರದ ತಗಡು. ಸುಟ್ಟ ಕೂದಲಿನ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ನಕ್ಕುಬಿಟ್ಟ.

"ನಿಮ್ಮ ಓರಗಿತ್ತಿ ಅರ್ತಿಂಗ್ ಕೊಡಿಸಿದಾರೆ ಬಿಡಿ, ಪುಣ್ಯಾತ್ಗಿತ್ತಿ!"

ಹೆಂಗಸು ನಗಲಿಲ್ಲ. "ಮನೇಲಿ ಮಕ್ಕಳಿದಾರಾ?"

"ಒಬ್ಬಳಿದಾಳೆ."

"ಹಾಗಾದ್ರೆ ಕೈ ಮುಗೀತೀನಿ, ಹಾಕಬೇಡ."

ಓಡುತ್ತಿರುವ ಸೆಟ್ಟಿನೊಳಗೆ ಕೈಯಾಡಿಸಬಾರದೆಂಬುದು ಅವನ ಕಸುಬಿನ ನಿಯಮ. ತಗಡನ್ನು ಹಾಗೇ ಬಿಟ್ಟು ಮುಚ್ಚಿದ. ಟಿವಿಯನ್ನು ನೇರ ತನ್ನ ಮನೆಗೆ ತಂದ.

ಸಂಜೆ ಕಿಟಕಿಯ ಪರದೆ ಎಳೆದು, ಟಿವಿಯನ್ನು ಗೋಡೆಗೆ ಬಿಗಿದು, ಮಗಳ ಟ್ಯಾಬನ್ನು ಅದಕ್ಕೆ ಸೇರಿಸಿ, ತನ್ನ ಫೋನನ್ನೇ ರಿಮೋಟ್ ಮಾಡಿಕೊಂಡ. ಗುಬ್ಬಿ ಟ್ಯಾಬ್ ಮೇಲೆ ಬೆರಳಿಟ್ಟಳು. ಅಂಗೈಯಗಲದ ಅಮ್ಮ ಗೋಡೆಯಗಲವಾದಳು. ಮಗು ಎದ್ದು ಹೋಗಿ ಆ ಕೆನ್ನೆಗೆ ಕೆನ್ನೆ ಒತ್ತಿತು.

ಆಗ ಅವನ ಫೋನು ಗುಂಯ್‌ಗುಟ್ಟಿತು. ಯಾವುದೋ ಫೋನು ಟಿವಿಗೆ ಸೇರಲು ಕೇಳುತ್ತಿತ್ತು. ಒತ್ತಲು ಮೂರು ಆಯ್ಕೆ: ಬೇಡ, ಈ ಸಲ ಮಾತ್ರ, ಯಾವಾಗಲೂ. ಗಿರಾಕಿಗಳು ಪದೇಪದೇ ಫೋನು ಮಾಡಿ ಪ್ರಾಣ ತಿನ್ನದಿರಲೆಂದು ಎಲ್ಲರ ಮನೆಯಲ್ಲೂ ಅವನು ಕಣ್ಣುಮುಚ್ಚಿ 'ಯಾವಾಗಲೂ' ಒತ್ತುತ್ತಿದ್ದ. ಹೆಬ್ಬೆರಳು ತನ್ನಷ್ಟಕ್ಕೆ ಹೋಗಿ ಒತ್ತಿತು. ಹೆಸರು ಓದಿದ್ದು ಆಮೇಲೆ.

ಅಮ್ಮನ ಫೋನ್.

ಹಳೇ ಹೆಸರು ಎಲ್ಲೋ ಉಳಿದಿರಬೇಕು ಅಂದುಕೊಂಡ. ಆದರೆ ಟಿವಿ ಅವರದಾಗಿರಲಿಲ್ಲ, ಅವಳ ಫೋನು ಅದಕ್ಕೆ ಎಂದೂ ಸೇರಿರಲಿಲ್ಲ.

ವಿಡಿಯೊ ನಿಂತಿತು. ಅವಳು ನಿಲ್ಲಲಿಲ್ಲ. ಒದ್ದೆ ಕೈ ಒರೆಸಿಕೊಳ್ಳುತ್ತ ಮುಂದಕ್ಕೆ ಬಾಗಿದಳು. "ಏನೇ ಗುಬ್ಬಿ, ಹಿಂಗೆ ಸೊರಗಿದೀಯ? ನಿಮ್ಮಪ್ಪ ಅನ್ನ ಹಾಕ್ತಾರೋ, ಸ್ಕ್ರೂ ತಿನ್ನಿಸ್ತಾರೋ?"

ಯಾವ ವಿಡಿಯೊದಲ್ಲೂ ಇಲ್ಲದ ಮಾತು. ಅವಳೇ ಆಡಬೇಕಾದ ಮಾತು. ಅವನು ನೆಲಕ್ಕೆ ಕುಸಿದು ಮಗುವಿಗಿಂತ ಜೋರಾಗಿ ಅತ್ತ.

ಅಂದೇ ಕಿತ್ತೆಸೆಯಬೇಕಿತ್ತು. ಎಸೆಯಲಿಲ್ಲ. ದಿನಾ ಸಂಜೆ ಮೂವರೂ ಕೂತು ಮಾತಾಡಿದರು. ಗುಬ್ಬಿಯ ದನಿ ಕೀರಲಾಗುತ್ತಿತ್ತು, ಅಂಗಾಲು ತಣ್ಣಗಾಗುತ್ತಿತ್ತು. ಅವನು ಕಂಡೂ ಕಾಣದಂತಿದ್ದ.

ಒಂದು ಸಂಜೆ ಗುಬ್ಬಿ ನಕ್ಕಳು. ನಗು ಸೋಫಾದಿಂದ ಬರಲಿಲ್ಲ. ಟಿವಿಯಿಂದ ಬಂತು.

ತಿರುಗಿ ನೋಡಿದ. ಪಕ್ಕದಲ್ಲಿ ಕೂತ ಮಗಳ ತುಟಿ ಅಲುಗುತ್ತಿತ್ತು, ಅಷ್ಟೆ. ಮುಟ್ಟಿದ. ಮಂಜುಗಡ್ಡೆ. ಪರದೆಯೊಳಗೆ ಇನ್ನೊಬ್ಬ ಗುಬ್ಬಿ ಅಮ್ಮನ ತೊಡೆಯೇರಿ ಕೂತಿದ್ದಳು. ಕೆನ್ನೆ ಕೆಂಪಗಿತ್ತು. ಗಾಬರಿಯಲ್ಲಿ ಫೋನಿನಿಂದ ಸೌಂಡ್ ಇಳಿಸಿದ. "ಅಪ್ಪಾ, ಚಳಿ..." ಎನ್ನುತ್ತಿದ್ದ ಮಗಳ ದನಿಯೂ ಇಳಿದು ಸತ್ತಿತು. ಬೆಚ್ಚಿ ಏರಿಸಿದ. ಪ್ಲಗ್ ಕಿತ್ತ. ಆರಲಿಲ್ಲ. ಸುಟ್ಟ ಕೂದಲಿನ ಹೊಗೆ. ಕೆಮ್ಮು. ಸುತ್ತಿಗೆ ಎತ್ತಿದ. ಒಳಗಿನ ಗುಬ್ಬಿ ಮುಖಕ್ಕೆ ಕೈ ಅಡ್ಡ ಹಿಡಿದಳು. ಸುತ್ತಿಗೆ ಬಿಟ್ಟ.

ಫೋನು. ಸೇರಿದವರು. ಅಮ್ಮನ ಫೋನ್. ತೆಗೆದುಹಾಕು.

ಅಮ್ಮನದೆಲ್ಲವೂ ಹೋಗುತ್ತದೆ, ಒಪ್ಪಿಗೆಯೇ ಎಂದು ಫೋನು ಕೇಳಿತು.

"ರೀ," ಎಂದಳು ಅವಳು. ಗುಬ್ಬಿಯ ತಲೆ ಸವರುತ್ತಿದ್ದಳು. "ಇಲ್ಲಿ ತುಂಬಾ ಕತ್ತಲೆ ರೀ. ಒಬ್ಬಳಿಗೇ ಇರೋಕಾಗಲ್ಲ."

ಅದು ಮಾಟವೋ ಅವಳೋ ಅವನಿಗೆ ತಿಳಿಯಲಿಲ್ಲ. ದನಿ ಅವಳದೇ.

"ಗೊತ್ತು ಕಣೇ," ಎಂದ. ಒತ್ತಿದ.

ಟಿವಿ ಕಪ್ಪಾಯಿತು. ಸೋಫಾದಲ್ಲಿ ಗುಬ್ಬಿ ಕೆಮ್ಮಿದಳು. ತನ್ನದೇ ಗಂಟಲಿನಿಂದ ಕೆಮ್ಮಿದಳು. ಅವನು ಬಾಚಿ ತಬ್ಬಿಕೊಂಡ. ಮೈ ಬೆಚ್ಚಗಾಗುತ್ತಿತ್ತು.

"ಅಮ್ಮ ಹೋದಳು ಮಗಾ. ಅಳಬೇಡ."

ಗುಬ್ಬಿ ಅಳುತ್ತಿರಲಿಲ್ಲ. ಅವನ ಕಣ್ಣು ಒರೆಸಿ ಕೇಳಿದಳು: "ಯಾರ ಅಮ್ಮ, ಅಪ್ಪಾ?"

ಅವನು ಟ್ಯಾಬ್ ತೆರೆದ. ಗೋಡೆ ನೋಡಿದ.

ಹೋದದ್ದು ಇಷ್ಟು: ಮೂವತ್ತೊಂದು ವಿಡಿಯೊ, ಎರಡು ಫೋಟೊದಲ್ಲಿದ್ದ ಒಂದು ಮುಖ, ಗುಬ್ಬಿಗಿದ್ದ ಒಬ್ಬಳೇ ಅಮ್ಮ.